ದೇವಿಮನೆ ಘಟ್ಟದಲ್ಲಿ ಗಾಡಿಯ ಹದ

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಸಮುದ್ರ ಮಟ್ಟದಿಂದ ಆರುನೂರು ಮೀಟರಿಗೆ ತುಸು ಕಡಿಮೆ ಎತ್ತರದ ಊರಿಂದ ಹೊರಟ ದಾರಿ ರಾಗಿಹೊಸಳ್ಳಿ ದಾಟಿ, ದೇವಿಮನೆ ಘಟ್ಟ ಇಳಿದು, ಕತಗಾಲದ ಹೊತ್ತಿಗೆ ಕರಾವಳಿಯ ಸೆಖೆಯನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಇವತ್ತು ಸ್ಪ್ಲೆಂಡರ್, ನಾಳೆ ಬುಲೆಟ್, ನಾಡಿದ್ದು ಆಕ್ಟಿವಾ ಓಡಿಸಿದವರಿಗೆ ಮೂರು ಬೇರೆ ಬೇರೆ ರಸ್ತೆಗಳಲ್ಲಿ ಹೋಗಿಬಂದಂತೆ ಅನ್ನಿಸುತ್ತದೆ. ತಿರುವುಗಳು ಅವೇ, ಇಳಿಜಾರು ಅದೇ, ಸುರಿವ ಮಳೆಯೂ ಅದೇ. ಕೈಗೆ, ಬೆನ್ನಿಗೆ, ಕಿವಿಗೆ ಗಾಡಿ ಮುಟ್ಟಿಸಿದ ಸುದ್ದಿ ಮಾತ್ರ ಬೇರೆ.

ಈ ಅನುಭವವನ್ನು ನಮ್ಮಲ್ಲಿ ಎರಡು ಬಗೆಯಾಗಿ ಪಕ್ಕಕ್ಕೆ ಸರಿಸುವುದುಂಟು. ಅದೆಲ್ಲ ಅವರವರ ರುಚಿ ಎನ್ನುವವರು ಕೆಲವರು. ಮೈಲೇಜು ಎಷ್ಟು ಕೊಡುತ್ತದೆ, ಅದೊಂದನ್ನು ಹೇಳಿ ಎನ್ನುವವರು ಹಲವರು. ಎರಡರಲ್ಲೂ ಹುರುಳಿಲ್ಲವೆಂದಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಗಾಡಿ ಓಡಿಸುವ ಅನುಭವಕ್ಕೆ ಎಣಿಸಿ ಹೇಳಬಹುದಾದ ಕಾರಣಗಳಿವೆ. ತೂಕ, ಎಳೆತ (ಟಾರ್ಕ್), ಚಕ್ರದ ಅಳತೆ, ಎಂಜಿನ್ನಿನ ಬಗೆ, ಹಿಂದೆ ಕಟ್ಟಿದ ಹೊರೆ ಇವೆಲ್ಲ ಸೇರಿ ಆ ಅನುಭವ ಹುಟ್ಟುತ್ತದೆ. ಸವಾರ ಘಟ್ಟದಲ್ಲಿ ಸುರಕ್ಷಿತವಾಗಿ ಇಳಿಯುತ್ತಾನೋ ಇಲ್ಲವೋ ಎಂಬುದೂ ಇವುಗಳ ಮೇಲೇ ನಿಂತಿದೆ. ಆದ್ದರಿಂದ ಒಂದು ಗಾಡಿಯನ್ನು ಇನ್ನೊಂದರ ಜೊತೆ ತೂಗಿ ನೋಡುವ ಕೆಲಸ ಇಲ್ಲಿಯ ರಸ್ತೆಯ ಮೇಲೆ, ಇಲ್ಲಿಯ ಹೊರೆ ಕಟ್ಟಿಕೊಂಡು ನಡೆಯಬೇಕು. ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಬರೆದ ತೀರ್ಪನ್ನು ಶಿರಸಿ ತಾಲೂಕಿನ ಸೊಂದೆಯ ಕೇರಿಗೆ ತಂದರೆ ಅದು ಅರ್ಧ ಸತ್ಯವಾಗುತ್ತದೆ.

ಮೊದಲು ರಸ್ತೆ ನೋಡೋಣ. ಈ ಮೂರು ತಾಲೂಕುಗಳ ಒಬ್ಬ ಸವಾರ ಒಂದೇ ದಿನದಲ್ಲಿ ನಾಲ್ಕು ಬಗೆಯ ನೆಲ ತುಳಿಯುತ್ತಾನೆ. ಮನೆಯಂಗಳದಿಂದ ಊರ ರಸ್ತೆಯವರೆಗೆ ಕೆಮ್ಮಣ್ಣಿನ ಏರು, ಇಲ್ಲವೇ ಮಳೆಗಾಲದಲ್ಲಿ ಪಾಚಿ ಹಿಡಿಯುವ ಕಾಂಕ್ರೀಟು. ಅಲ್ಲಿಂದ ತಾಲೂಕು ಕೇಂದ್ರಕ್ಕೆ ಕಾಡಿನೊಳಗಿನ ಕಿರಿದಾದ ಡಾಂಬರು ರಸ್ತೆ. ಕರಾವಳಿಗೆ ಹೋಗಬೇಕೆಂದರೆ ಶಿರಸಿಯವರಿಗೆ ದೇವಿಮನೆ, ಸಿದ್ದಾಪುರದವರಿಗೆ ದೊಡ್ಮನೆ ಘಟ್ಟ ಇಲ್ಲವೇ ಮಾವಿನಗುಂಡಿಯ ಆಚೆಗಿನ ಗೇರುಸೊಪ್ಪೆ ದಾರಿ, ಯಲ್ಲಾಪುರದವರಿಗೆ ಅರಬೈಲ್. ನಾಲ್ಕನೆಯದು ಯಲ್ಲಾಪುರದ ಮೂಲಕ ಹುಬ್ಬಳ್ಳಿಯನ್ನೂ ಅಂಕೋಲೆಯನ್ನೂ ಬೆಸೆಯುವ ರಾಷ್ಟ್ರೀಯ ಹೆದ್ದಾರಿ 52. ಅಲ್ಲಿ ಸಿಮೆಂಟು, ಕಂಟೇನರು ಹೊತ್ತ ಲಾರಿಗಳ ಸಾಲು ಹಗಲೂ ರಾತ್ರಿ ಹರಿಯುತ್ತದೆ. ಇದರ ಮೇಲೆ ವರ್ಷಕ್ಕೆ ಸರಿಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಮಳೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು, ಅರಬೈಲ್ ಘಟ್ಟದಲ್ಲೂ ದರೆ ಕುಸಿದು ಸಂಚಾರ ನಿಂತಿತು.

ಹೊರೆಯ ವಿಷಯವೂ ಹಾಗೆಯೇ. ಪೇಟೆಯ ಸವಾರನ ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ. ಇಲ್ಲಿಯ ಗಾಡಿಯ ಹಿಂದೆ ಬೆಳಿಗ್ಗೆ ಡೈರಿಗೆ ಹೋಗುವ ಹಾಲಿನ ಕ್ಯಾನು, ಮಧ್ಯಾಹ್ನ ದನಕ್ಕೆ ಹಿಂಡಿ ಚೀಲ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತ ಮತ್ತು ಸುಣ್ಣ, ಸುಗ್ಗಿಯಲ್ಲಿ ಅಡಿಕೆ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಗೆ ಎತ್ತಿನಗಾಡಿಯಲ್ಲಿ ಬರುತ್ತಿದ್ದ ಅಡಿಕೆ ಈಗ ಹೆಚ್ಚಾಗಿ ಪಿಕಪ್ ವ್ಯಾನಿನಲ್ಲಿ ಬರುತ್ತದೆ. ಆದರೆ ಮನೆಗೂ ಪೇಟೆಗೂ ನಡುವಿನ ಚಿಲ್ಲರೆ ಸಾಗಾಟವೆಲ್ಲ ಇನ್ನೂ ದ್ವಿಚಕ್ರದ ಮೇಲೆಯೇ.

ಈಗ ಏರಿನ ಲೆಕ್ಕ. ಹೀರೋ ಸ್ಪ್ಲೆಂಡರ್ ಪ್ಲಸ್‌ನ ತೂಕ ಸುಮಾರು 112 ಕಿಲೋ, ಎಂಜಿನ್ 97.2 ಸಿ.ಸಿ., ಶಕ್ತಿ ಎಂಟು ಅಶ್ವಶಕ್ತಿಯಷ್ಟು. ಈಗಿನ ರಾಯಲ್ ಎನ್‌ಫೀಲ್ಡ್ ಬುಲೆಟ್ 350ರ ತೂಕ 195 ಕಿಲೋ, ಎಂಜಿನ್ 349 ಸಿ.ಸಿ., ಶಕ್ತಿ ಇಪ್ಪತ್ತರ ಆಸುಪಾಸು. 70 ಕಿಲೋದ ಸವಾರ ಕೂತು, ಹಿಂದೆ 50 ಕಿಲೋದ ಹಿಂಡಿ ಚೀಲ ಕಟ್ಟಿದರೆ ಸ್ಪ್ಲೆಂಡರಿನ ಮೇಲೆ ಅದರ ಸ್ವಂತ ತೂಕಕ್ಕಿಂತ ಹೆಚ್ಚು ಹೊರೆ ಬಿತ್ತು. ಬುಲೆಟ್ಟಿನ ಮೇಲೆ ಬಿದ್ದದ್ದು ಅದರ ತೂಕದ ನೂರಕ್ಕೆ ಅರವತ್ತರಷ್ಟು. ಸ್ಪ್ಲೆಂಡರಿನ ಒಂದೊಂದು ಅಶ್ವಶಕ್ತಿಯ ತಲೆಗೆ 29 ಕಿಲೋ, ಬುಲೆಟ್ಟಿನದಕ್ಕೆ 16 ಕಿಲೋ. ದೇವಿಮನೆ ಹತ್ತುವಾಗ ಸ್ಪ್ಲೆಂಡರ್ ಎರಡನೇ ಗೇರಿಗೆ ಬಂದು ತಿರುವಿನಲ್ಲಿ ಏದುಸಿರು ಬಿಡುತ್ತದೆ, ಬುಲೆಟ್ ಅದೇ ತಿರುವನ್ನು ಮೂರನೇ ಗೇರಿನಲ್ಲಿ ಸಾವಕಾಶ ತೆಗೆಯುತ್ತದೆ. ಇದನ್ನು ಬುಲೆಟ್ ಸವಾರರ ಜಂಬ ಎಂದು ತಳ್ಳಿಹಾಕುವುದು ಸರಿಯಲ್ಲ, ಭಾಗಾಕಾರ ಹಾಗೆ ಹೇಳುತ್ತದೆ.

ಆದರೆ ಶಕ್ತಿಯ ಅಂಕಿಯೊಂದೇ ಸಾಲದು. ಅದು ಎಷ್ಟು ಸುತ್ತಿನಲ್ಲಿ ಸಿಗುತ್ತದೆ ಎಂಬುದು ಮುಖ್ಯ. ಬುಲೆಟ್ಟಿನ ಗರಿಷ್ಠ ಎಳೆತ ನಿಮಿಷಕ್ಕೆ 4000 ಸುತ್ತಿನಲ್ಲಿ ಬಂದರೆ ಸ್ಪ್ಲೆಂಡರಿನದು 6000ದಲ್ಲಿ. ಘಟ್ಟದ ತಿರುವಿನಲ್ಲಿ ಬಸ್ಸು ಎದುರಾಗಿ ವೇಗ ತಗ್ಗಿದಾಗ ಎಂಜಿನ್ನಿನ ಸುತ್ತೂ ತಗ್ಗುತ್ತದೆ. ಆ ಕ್ಷಣದಲ್ಲಿ ಕೆಳಗಿನ ಸುತ್ತಿನಲ್ಲೇ ಎಳೆಯಬಲ್ಲ ಗಾಡಿ ಸವಾರನನ್ನು ಕಾಯುತ್ತದೆ. ಇಲ್ಲವಾದರೆ ಹಾಫ್ ಕ್ಲಚ್ ಹಿಡಿದು ಎಕ್ಸಿಲೇಟರ್ ತಿರುಪಬೇಕು. ಘಟ್ಟದೂರಿನ ಗಾಡಿಗಳ ಕ್ಲಚ್ ಪ್ಲೇಟು ಬೇಗ ಸವೆಯುವುದಕ್ಕೆ ಇದೇ ಕಾರಣ.

ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಇದಕ್ಕೆ ಒಳ್ಳೆಯ ಸಾಕ್ಷಿ. 2016ರಲ್ಲಿ ಬಂದ ಮೊದಲ ಹಿಮಾಲಯನ್ 411 ಸಿ.ಸಿ., 24 ಅಶ್ವಶಕ್ತಿಯದು. ಅದರ ಸಿಲಿಂಡರಿನ ಅಗಲ 78 ಮಿ.ಮೀ., ಪಿಸ್ಟನ್ನಿನ ಓಟ 86 ಮಿ.ಮೀ. 2023ರಲ್ಲಿ ಬಂದ ಹೊಸದು 452 ಸಿ.ಸಿ., ಸುಮಾರು 40 ಅಶ್ವಶಕ್ತಿ. ಇದರಲ್ಲಿ ಅಗಲ 84 ಮಿ.ಮೀ., ಓಟ 81.5 ಮಿ.ಮೀ. ಮೊದಲನೆಯದರಲ್ಲಿ ಪಿಸ್ಟನ್ ಉದ್ದ ದೂರ ಓಡುತ್ತದೆ, ನಿಧಾನ ಸುತ್ತಿನಲ್ಲೇ ಎಳೆತ ಸಿಗುತ್ತದೆ. ಎರಡನೆಯದು ಸುತ್ತು ಏರಿದಂತೆ ಮೈದುಂಬುತ್ತದೆ. ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ ಹಿಂದಿಕ್ಕಲು ಹೊಸದು ನಿಸ್ಸಂಶಯವಾಗಿ ಮೇಲು. ಯಾಣದ ಕಡೆಯ ಕಲ್ಲುಮಣ್ಣಿನ ದಾರಿಯಲ್ಲಿ ಜನ ನಡೆಯುವ ವೇಗದಲ್ಲಿ ಸಾಗಬೇಕಾದಾಗ ಹಳೆಯದನ್ನು ಮೆಚ್ಚುವವರ ಮಾತಿಗೂ ಆಧಾರವಿದೆ. ಒಂದೇ ಹೆಸರಿನ ಎರಡು ಗಾಡಿಗಳ ಸ್ವಭಾವ ಇಷ್ಟು ಬೇರೆಯಾದರೆ, ಬೇರೆ ಬೇರೆ ಕಂಪನಿಗಳ ಗಾಡಿಗಳನ್ನು ಶಕ್ತಿಯ ಅಂಕಿಯೊಂದರಿಂದ ಅಳೆಯುವುದು ಎಷ್ಟು ಸರಿ?

ಹಳೆಯ ಟು-ಸ್ಟ್ರೋಕ್ ಗಾಡಿಗಳ ಮಾತು ಬಂದರೆ ಮಲೆನಾಡಿನಲ್ಲಿ ಇವತ್ತಿಗೂ ಕಿವಿಗಳು ನೆಟ್ಟಗಾಗುತ್ತವೆ. ಯಮಹಾ ಆರ್‌ಎಕ್ಸ್ 100 1985ರಲ್ಲಿ ಬಂದು 1996ರಲ್ಲಿ ನಿಂತಿತು. 98 ಸಿ.ಸಿ.ಯ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು, ಗಾಡಿಯ ತೂಕ ನೂರು ಕಿಲೋದ ಆಸುಪಾಸು. ಸವಾರನೊಬ್ಬನೇ ಕೂತಾಗ ಒಂದು ಅಶ್ವಶಕ್ತಿಗೆ ಬೀಳುವ ತೂಕ 16 ಕಿಲೋಗಿಂತ ಕಡಿಮೆ. ಹೊರೆಯಿಲ್ಲದ ಬುಲೆಟ್ಟಿನ ಲೆಕ್ಕ ಇದಕ್ಕಿಂತ ಎರಡು ಮೂರು ಕಿಲೋ ಮಾತ್ರ ಕಡಿಮೆ. ಆ ಸಣ್ಣ ಗಾಡಿ ಏರಿನಲ್ಲಿ ಎಗರಿದಂತೆ ಅನ್ನಿಸುತ್ತಿದ್ದುದು ಬರೀ ನೆನಪಿನ ಬಣ್ಣ ಅಲ್ಲ. ಟು-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುತ್ತದೆ, ಫೋರ್-ಸ್ಟ್ರೋಕ್ ಎರಡು ಸುತ್ತಿಗೊಮ್ಮೆ. ಎಕ್ಸಿಲೇಟರಿನ ತುಸು ತಿರುವಿಗೂ ಗಾಡಿ ಕೂಡಲೇ ಓಗೊಟ್ಟಂತಾಗುವುದು ಇದರಿಂದ. ಅದೇ ಆರ್‌ಎಕ್ಸಿಗೆ 50 ಕಿಲೋ ಚೀಲ ಕಟ್ಟಿ ನೋಡಿ, ಲೆಕ್ಕ 20 ಕಿಲೋಗೆ ಏರುತ್ತದೆ, ಚಿಮ್ಮುವಿಕೆ ಕರಗುತ್ತದೆ.

ಮೈಸೂರಿನ ಜಾವಾ ಮತ್ತು ಯೆಜ್ಡಿಯದು ಇನ್ನೊಂದೇ ಹದ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅದರ 250 ಸಿ.ಸಿ. ಎಂಜಿನ್ನಿನ ಅಗಲ 65, ಓಟ 75 ಮಿ.ಮೀ. ಟು-ಸ್ಟ್ರೋಕ್ ಆದರೂ ನಿಧಾನ ಸುತ್ತಿನಲ್ಲಿ ಎಳೆಯುವ ಗುಣ ಅದಕ್ಕಿತ್ತು. ಕಿಕ್ಕರ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಜಾಣ ರಚನೆ, ಗೇರು ಒತ್ತುವಾಗ ಕ್ಲಚ್ ತಾನೇ ಬಿಡುವ ಏರ್ಪಾಡು. ಏರಿನಲ್ಲಿ ಎಡಗೈ ದಣಿಯದಿರಲು ಈ ಏರ್ಪಾಡೂ ಕಾರಣ.

ಏರಿನ ಕತೆ ಇಷ್ಟಾದರೆ, ಗಾಡಿಯ ನಿಜವಾದ ಪರೀಕ್ಷೆ ಇಳಿಯುವಾಗ. ಇದನ್ನು ಜಾಹೀರಾತುಗಳು ಹೇಳುವುದಿಲ್ಲ, ವಿಮರ್ಶೆ ಬರೆಯುವವರೂ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಗಾಡಿ, ಸವಾರ, ಹೊರೆ ಸೇರಿ 200 ಕಿಲೋ ತೂಕ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಹತ್ತು ಲಕ್ಷ ಜೂಲ್. ಮೂರು ಲೀಟರಿನಷ್ಟು ತಣ್ಣೀರು ಕುದಿಸಲು ಅಷ್ಟು ಸಾಕು. ಗಾಳಿ ಮತ್ತು ಟೈರುಗಳು ತಮ್ಮ ಪಾಲು ನುಂಗಿದ ಮೇಲೆ ಉಳಿದದ್ದನ್ನು ಬ್ರೇಕುಗಳು ಇಲ್ಲವೇ ಎಂಜಿನ್ ತಡೆಯಬೇಕು. ಬ್ರೇಕೊಂದನ್ನೇ ನಂಬಿದರೆ ಅದರ ಶೂ ಕಾಯುತ್ತದೆ, ಕಾದಷ್ಟೂ ಹಿಡಿತ ಸಡಿಲುತ್ತದೆ. ಮಳೆಗಾಲದಲ್ಲಿ ಡ್ರಮ್ಮಿನೊಳಗೆ ನೀರು ಹೊಕ್ಕರೆ ಮೊದಲೆರಡು ಒತ್ತಿಗೆ ಗಾಡಿ ನಿಲ್ಲದೆ ಎದೆ ಝಲ್ಲೆನಿಸುತ್ತದೆ.

ಇಲ್ಲಿ ಸಾಧಾರಣ ಸ್ಪ್ಲೆಂಡರ್ ದೊಡ್ಡ ಗಾಡಿಗಳ ಸರಿಸಮ ನಿಲ್ಲುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನನ್ನು ಎರಡನೇ ಗೇರಿನಲ್ಲಿಟ್ಟು ಎಕ್ಸಿಲೇಟರ್ ಬಿಟ್ಟರೆ ಅದು ಹಿಂದಿನ ಚಕ್ರವನ್ನು ಹಿಡಿದು ಎಳೆದಂತೆ ನಿಧಾನಿಸುತ್ತದೆ. ಹಗುರ ಗಾಡಿಯಾದ್ದರಿಂದ ತಡೆಯಬೇಕಾದ ತೂಕವೂ ಕಡಿಮೆ. ಏರಿನಲ್ಲಿ ಚಿಮ್ಮಿದ ಆರ್‌ಎಕ್ಸ್ ಇಳಿಜಾರಿನಲ್ಲಿ ಈ ಆಸರೆ ಕೊಡುವುದಿಲ್ಲ. ಟು-ಸ್ಟ್ರೋಕ್ ಎಂಜಿನ್ನಿನ ತಡೆ ದುರ್ಬಲ, ಗಾಡಿ ತೇಲಿಹೋದಂತೆ ಅನ್ನಿಸುತ್ತದೆ. ಯೆಜ್ಡಿಯಲ್ಲಿ ಇನ್ನೊಂದು ತೊಡಕಿತ್ತು. ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸುತ್ತಿದ್ದರು. ಎಕ್ಸಿಲೇಟರ್ ಮುಚ್ಚಿ ಉದ್ದಕ್ಕೂ ಇಳಿದರೆ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿ, ಸುತ್ತುತ್ತಲೇ ಇರುವ ಪಿಸ್ಟನ್ ಒಣಗಿ ಕಚ್ಚಿಕೊಳ್ಳುವ ಅಪಾಯ. ಇಳಿಯುವಾಗ ನಡುನಡುವೆ ಎಕ್ಸಿಲೇಟರ್ ಕೊಡುತ್ತಿದ್ದ ಹಳಬರ ರೂಢಿ ಶೋಕಿಯದಲ್ಲ, ಎಂಜಿನ್ ಉಳಿಸುವ ವಿವೇಕ.

ಗಾಡಿ ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿ ಘಟ್ಟ ಇಳಿಸುವ ಪರಿಪಾಠ ಈಗಲೂ ಕಾಣುತ್ತದೆ. ಪೆಟ್ರೋಲ್ ಉಳಿಯಿತೆಂಬ ಸಮಾಧಾನ ಅದಕ್ಕೆ ಕಾರಣ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಹುಪಾಲು ಗಾಡಿಗಳಿಗೆ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಗೇರಿನಲ್ಲಿಟ್ಟು ಎಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಇಂಥ ಎಂಜಿನ್ನುಗಳು ಸಾಮಾನ್ಯವಾಗಿ ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ತುಸು ಉರಿಯುತ್ತದೆ. ಹೊಸ ಗಾಡಿಯನ್ನು ಹಳೆಯ ಅಭ್ಯಾಸದಲ್ಲಿ ಇಳಿಸುವವರು ಉಳಿತಾಯವಿಲ್ಲದೆ ಎಂಜಿನ್ನಿನ ತಡೆಯನ್ನೂ ಕೈಬಿಡುತ್ತಿದ್ದಾರೆ. ಸುರಕ್ಷತಾ ಸಪ್ತಾಹಗಳಲ್ಲಿ ಹೆಲ್ಮೆಟಿನ ಜೊತೆಗೆ ಈ ಮಾತನ್ನೂ ಹೇಳುವುದು ತುರ್ತಾಗಿದೆ.

ಮೂರನೆಯ ಪರೀಕ್ಷೆ ಕೆಸರಿನದು. ಇಲ್ಲಿ ಬುಲೆಟ್ಟಿನ ಗಾಂಭೀರ್ಯ ತಲೆಕೆಳಗಾಗುತ್ತದೆ. ಮನೆಯ ಏರಿನಲ್ಲಿ ಹಿಂದಿನ ಚಕ್ರ ಜಾರಿ ಗಾಡಿ ಓರೆಯಾದಾಗ 195 ಕಿಲೋ ತೂಕವನ್ನು ಒಂದೇ ಕಾಲಲ್ಲಿ ತಡೆಯುವುದು ಎಲ್ಲರಿಗೂ ಆಗದು. ಬಿದ್ದರೆ ಎತ್ತಲು ಇನ್ನೊಬ್ಬರು ಬೇಕು. ಹೀರೋ ಎಕ್ಸ್‌ಪಲ್ಸ್ 200 ಇಂಥಲ್ಲಿ ಬೆಳಗುವ ಗಾಡಿ. 2019ರಲ್ಲಿ ಬಂದ ಇದರ ಮುಂದಿನ ಚಕ್ರ 21 ಇಂಚು, ನೆಲದಿಂದ ಎತ್ತರ 220 ಮಿ.ಮೀ., ಮುಂದಿನ ಶಾಕ್ ಅಬ್ಸಾರ್ಬರ್ 190 ಮಿ.ಮೀ.ವರೆಗೆ ಕುಗ್ಗುತ್ತದೆ. ಹೊಂಡ ಬಂದಾಗ ಸವಾರನ ಸೊಂಟಕ್ಕೆ ಸುದ್ದಿ ತಲುಪುವ ಮೊದಲೇ ಚಕ್ರ ಅದನ್ನು ದಾಟಿರುತ್ತದೆ. ಆದರೆ ಸೀಟಿನ ಎತ್ತರ 820 ಮಿ.ಮೀ. ಮೀರುತ್ತದೆ, ಸ್ಪ್ಲೆಂಡರಿನದು 785. ಕಾಲು ನೆಲಕ್ಕೆ ಪೂರ್ತಿ ಊರದವರಿಗೆ ಜಾರುವ ಏರಿನಲ್ಲಿ ಈ ನಾಲ್ಕು ಬೆರಳಿನಷ್ಟೂ ಇಲ್ಲದ ವ್ಯತ್ಯಾಸ ಧೈರ್ಯವನ್ನೇ ಕಸಿಯುತ್ತದೆ. ಒಂದೇ ಗಾಡಿ ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಭಯ.

ಬೈಕ್ ಪತ್ರಿಕೆಗಳಲ್ಲಿ ಫೋಟೋ ಕಾಣದ ಗಾಡಿಯೊಂದು ಈ ಪರೀಕ್ಷೆಯಲ್ಲಿ ಮೇಲುಗೈ ಪಡೆಯುತ್ತದೆ. ಟಿವಿಎಸ್ ಎಕ್ಸ್‌ಎಲ್ 100. ತೂಕ ತೊಂಬತ್ತು ಕಿಲೋದೊಳಗೆ, 16 ಇಂಚಿನ ಚಕ್ರ, ಗೇರು ಬದಲಿಸಬೇಕಿಲ್ಲ, ಕ್ಲಚ್ ಹಿಡಿಯಬೇಕಿಲ್ಲ. ಸವಾರನ ಕಾಲುಗಳ ನಡುವೆ ಚೀಲ ಇಡುವ ಜಾಗ, ಹಿಂದಿನ ಸೀಟು ಕಳಚಿದರೆ ಇನ್ನೊಂದು ಹೊರೆಗೆ ಅವಕಾಶ. ಹೊರೆ ತಗ್ಗಿನಲ್ಲಿ, ಎರಡು ಚಕ್ರಗಳ ನಡುವೆ ಕೂರುವುದರಿಂದ ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಅದೇ ಚೀಲವನ್ನು ಬೈಕಿನ ಕ್ಯಾರಿಯರಿನ ತುದಿಗೆ ಕಟ್ಟಿದರೆ ಮುಂದಿನ ಚಕ್ರದ ಮೇಲಿನ ಭಾರ ತಗ್ಗಿ, ಏರಿನಲ್ಲಿ ಹ್ಯಾಂಡಲ್ ಮಾತು ಕೇಳದಂತಾಗುತ್ತದೆ. ಇದರ ಮಿತಿಯೂ ಗಟ್ಟಿಯಾದದ್ದೇ. ನಾಲ್ಕು ಅಶ್ವಶಕ್ತಿಯ ಸುಮಾರಿನ ಎಂಜಿನ್, ಒಂದೇ ಗೇರು. ಅರಬೈಲ್ ಇಳಿಯಲು ಇದನ್ನು ಆರಿಸಿಕೊಳ್ಳಬಾರದು. ತೋಟ, ಡೈರಿ, ಸೊಸೈಟಿಯ ನಡುವೆ ಇದಕ್ಕೆ ಸಾಟಿ ಕಡಿಮೆ.

ಸ್ಕೂಟರಿನ ಪ್ರಶ್ನೆಯನ್ನು ಹೆಚ್ಚು ಗೌರವದಿಂದ ನೋಡಬೇಕಾಗಿದೆ. ಬೈಕ್ ಪ್ರೇಮಿಗಳು ಗೇರಿಲ್ಲದ ಗಾಡಿಯನ್ನು ಹಗುರವಾಗಿ ಕಾಣುತ್ತಾರೆ. ಆದರೆ ಈ ತಾಲೂಕುಗಳಲ್ಲಿ ಶಾಲೆಗೆ ಹೋಗುವ ಶಿಕ್ಷಕಿಯರನ್ನು, ಆಶಾ ಕಾರ್ಯಕರ್ತೆಯರನ್ನು, ಕಾಲೇಜಿನ ಹುಡುಗಿಯರನ್ನು ಬಸ್ಸಿನ ವೇಳಾಪಟ್ಟಿಯ ಹಂಗಿನಿಂದ ಬಿಡಿಸಿದ್ದು ಸ್ಕೂಟರೇ. ಓಡಿಸುವ ಅನುಭವದ ಲೆಕ್ಕದಲ್ಲೂ ಅದಕ್ಕೆ ಒಂದು ಅನುಕೂಲವಿದೆ. ಎರಡೂ ಬ್ರೇಕು ಕೈಯಲ್ಲಿರುವುದರಿಂದ ಪಾಚಿ ಹಿಡಿದ ಕಾಂಕ್ರೀಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಸಾಗಬಹುದು, ಬೈಕಿನಲ್ಲಿ ಬಲಗಾಲು ಬ್ರೇಕಿಗೆ ಮೀಸಲು. ತೊಂದರೆ ಇರುವುದು ಚಕ್ರದಲ್ಲಿ. ಆಕ್ಟಿವಾದ ಹಿಂದಿನ ಚಕ್ರ ಹತ್ತು ಇಂಚಿನದು. 18 ಇಂಚಿನ ಚಕ್ರ ಹಾರಿ ದಾಟುವ ಹೊಂಡಕ್ಕೆ ಹತ್ತು ಇಂಚಿನದು ಇಳಿದೇ ಏಳುತ್ತದೆ. ಇಳಿಜಾರಿನಲ್ಲಿ ಬೇಕೆಂದಾಗ ಕೆಳಗಿನ ಗೇರು ಹಾಕಿಕೊಳ್ಳುವ ಅವಕಾಶವೂ ಇಲ್ಲ, ವೇಗ ತೀರಾ ತಗ್ಗಿದಾಗ ಕ್ಲಚ್ ತಾನೇ ಬಿಟ್ಟು ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಘಟ್ಟ ಇಳಿಯುವ ಸ್ಕೂಟರ್ ಸವಾರರು ಮೊದಲ ತಿರುವಿನಿಂದಲೇ ವೇಗ ತಗ್ಗಿಸಿ, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು.

ಬ್ಯಾಟರಿ ಸ್ಕೂಟರುಗಳು ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಬೆಂಗಳೂರಿನ ಏಥರ್ 2018ರಲ್ಲಿ ಮಾರಾಟಕ್ಕೆ ತಂದ 450ರಂಥ ಗಾಡಿಗಳಲ್ಲಿ ಎಕ್ಸಿಲೇಟರ್ ಬಿಟ್ಟಾಗ ಮೋಟಾರೇ ಡೈನಮೋ ಆಗಿ ಚಕ್ರವನ್ನು ತಡೆಯುತ್ತದೆ, ಬ್ಯಾಟರಿಗೆ ಒಂದಿಷ್ಟು ವಿದ್ಯುತ್ ಮರಳುತ್ತದೆ. ನಿಂತಲ್ಲಿಂದಲೇ ಎಳೆತ ಸಿಗುವುದರಿಂದ ಏರಿನ ತಿರುವಿನಲ್ಲಿ ಹಾಫ್ ಕ್ಲಚ್ಚಿನ ಪಾಡೂ ಇಲ್ಲ. ಒಂದು ಎಚ್ಚರ ಬೇಕು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮರಳಿ ತುಂಬಲು ಜಾಗವಿಲ್ಲದೆ ಈ ತಡೆ ಕ್ಷೀಣಿಸುತ್ತದೆ. ಘಟ್ಟದ ನೆತ್ತಿಯ ಊರಲ್ಲೇ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ನೇರ ಇಳಿಯುವವರು ಇದನ್ನು ತಿಳಿದಿರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಗಾಡಿಯ ಮೇಲಿನ ಮೋಹಕ್ಕೆ ಲೆಕ್ಕ ಇರುತ್ತದೆಯೇ? ಬುಲೆಟ್ಟಿನ ಸದ್ದು, ಯೆಜ್ಡಿಯ ಹೊಗೆಯ ವಾಸನೆ, ಅಪ್ಪ ಓಡಿಸುತ್ತಿದ್ದ ಗಾಡಿ ಎಂಬ ಅಕ್ಕರೆ ಇವೂ ಅನುಭವದ ಭಾಗವೇ. ಅದನ್ನು ಅಲ್ಲಗಳೆಯಬೇಕಿಲ್ಲ. ಸದ್ದು, ನಡುಕಗಳೂ ಸವಾರನಿಗೆ ಮಾಹಿತಿ ಕೊಡುತ್ತವೆ. ಹಳೆಯ ಬುಲೆಟ್ಟಿನ ಬಡಿತ ಕೇಳಿಯೇ ಗೇರು ಬದಲಿಸುವ ಹೊತ್ತು ತಿಳಿಯುತ್ತಿತ್ತು. 2020ರಿಂದ ಬಂದ ಹೊಸ 350 ಎಂಜಿನ್ನಿನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ, ಕೈ ಜೋಮು ಹಿಡಿಯುವುದಿಲ್ಲ, ಆ ಮಾತುಕತೆಯೂ ತುಸು ಮೆತ್ತಗಾಗಿದೆ. ಇನ್ನು ಹೆದ್ದಾರಿ 52ರಲ್ಲಿ ಎದುರು ಲಾರಿ ಬೀಸಿದ ಗಾಳಿಗೆ ಸ್ಪ್ಲೆಂಡರ್ ತುಯ್ದಾಡುವಾಗ ಬುಲೆಟ್ಟಿನ ತೂಕ ವರವಾಗುತ್ತದೆ. ಮೋಹ ತಪ್ಪಲ್ಲ. ಮೋಹದ ಹೆಸರಿನಲ್ಲಿ ಕಾರಣ ಹುಡುಕುವುದನ್ನೇ ಬಿಟ್ಟರೆ ಅದರ ಬೆಲೆಯನ್ನು ಇಳಿಜಾರಿನಲ್ಲಿ ತೆರಬೇಕಾಗುತ್ತದೆ.

ಕಂಪನಿಗಳು ಕೊಡುವ ಕರಪತ್ರದಲ್ಲಿ ಗರಿಷ್ಠ ಶಕ್ತಿ, ಗರಿಷ್ಠ ಎಳೆತದ ಅಂಕಿ ಇರುತ್ತವೆ. ಮಲೆನಾಡಿನ ಗಿರಾಕಿಗೆ ಬೇಕಾದ್ದು 2000, 3000 ಸುತ್ತಿನಲ್ಲಿ ಎಳೆತ ಎಷ್ಟು, ಪೂರ್ತಿ ಹೊರೆಯಲ್ಲಿ ಎಷ್ಟು ಕಡಿದಾದ ಏರಿನಲ್ಲಿ ನಿಂತಲ್ಲಿಂದ ಹೊರಡಬಲ್ಲದು, ಬಿಸಿಯಾದ ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂಬ ಮಾಹಿತಿ. 125 ಸಿ.ಸಿ. ಮೀರಿದ ಗಾಡಿಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾದಾಗ ಸವಾರರ ಕೈಗೆ ಸಿಗುವ ಬ್ರೇಕಿನ ಅನುಭವವೇ ಬದಲಾಯಿತು, ಕಾನೂನು ಕೇಳಿದರೆ ಕಂಪನಿಗಳು ಮಾಡಬಲ್ಲವು ಎಂಬುದಕ್ಕೆ ಅದು ಸಾಕ್ಷಿ. ಷೋರೂಮಿನವರೂ ಟೆಸ್ಟ್ ರೈಡಿಗೆ ಪೇಟೆಯ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಬರಲು ಹೇಳುವ ಬದಲು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರೊಂದರ ಮಧ್ಯೆ ನಿಲ್ಲಿಸಿ ಹೊರಡಿಸಲು, ಎರಡನೇ ಗೇರಿನಲ್ಲಿ ಬ್ರೇಕು ಮುಟ್ಟದೆ ಇಳಿಸಲು ಬಿಡಬೇಕು. ಗಿರಾಕಿಗಳು ಇದನ್ನು ಸಂಕೋಚವಿಲ್ಲದೆ ಕೇಳಬೇಕು.

ಅದಕ್ಕೂ ಮೊದಲು ಕೈಗೆಟಕುವ ಮಾಹಿತಿ ಈ ಮೂರು ಪೇಟೆಗಳ ಗ್ಯಾರೇಜುಗಳಲ್ಲೇ ಇದೆ. ಯಾವ ಗಾಡಿಯ ಕ್ಲಚ್ ಪ್ಲೇಟು ಬೇಗ ಹೋಗುತ್ತದೆ, ಯಾವುದರ ಬ್ರೇಕ್ ಶೂ ಒಂದು ಮಳೆಗಾಲಕ್ಕೇ ಸವೆಯುತ್ತದೆ, ಯಾರು ಎಳೆತ ಸಾಲದೆ ಹಿಂದಿನ ಸ್ಪ್ರಾಕೆಟ್ಟನ್ನು ಹೆಚ್ಚು ಹಲ್ಲಿನದಕ್ಕೆ ಬದಲಿಸಿಕೊಂಡರು ಎಂಬುದೆಲ್ಲ ಅಲ್ಲಿಯ ಮೆಕ್ಯಾನಿಕ್ಕುಗಳ ಬೆರಳ ತುದಿಯಲ್ಲಿದೆ. ಸವಾರರ ಅನುಭವ ಲೋಹದ ಮೇಲೆ ಬಿಟ್ಟ ಗುರುತುಗಳು ಇವು. ಸ್ಥಳೀಯ ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ಒಂದು ವರ್ಷ ಕೂತು ಗಾಡಿ, ದಾರಿ, ಹೊರೆ, ಸವೆತ ಎಂದು ನಾಲ್ಕು ಅಂಕಣ ಹಾಕಿ ಬರೆದಿಟ್ಟರೆ, ಕೆಎ-31 ಫಲಕದ ಗಾಡಿಗಳಿಗೆ ಯಾವುದು ಹೊಂದುತ್ತದೆ ಎಂಬ ಚರ್ಚೆ ಜಾಹೀರಾತಿನ ಮಾತಿನಿಂದ ಬಿಡಿಸಿಕೊಂಡು ದಾಖಲೆಯ ಮೇಲೆ ನಡೆಯಬಹುದು. ಖರ್ಚು ಒಂದು ನೋಟ್‌ಬುಕ್ಕಿನದು, ಕೆಲಸವನ್ನು ಬರುವ ಮಳೆಗಾಲಕ್ಕೇ ಶುರುಮಾಡಬಹುದು.